ಅಳತೆ ಪುಸ್ತಕದ ಹುಲಿಗೆಮ್ಮ

ಆಪಾರ ಬಲಗೈಯ ತೋರುಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧವನ್ನು ಹೊಲಿಗೆ ಯಂತ್ರದ ಸೂಜಿ ಯಾವ ಕಾಲದಲ್ಲೋ ಕಿತ್ತುಕೊಂಡಿತ್ತು. ತುದಿ ಚಪ್ಪಟೆಯಾಗಿದ್ದ ಆ ಬೆರಳಿಗೆ ವರ್ಷವಿಡೀ ಮದರಂಗಿಯ ಬಣ್ಣ. ಕಂಪ್ಯೂಟರಿನ ಕೀಲಿಮಣೆಯ ಮೇಲೆ ಓಡಾಡುತ್ತಿದ್ದದ್ದು ಅದೊಂದೇ ಬೆರಳು. ಓಡಾಡುತ್ತಿತ್ತು ಎಂದರೂ ಹೆಚ್ಚಾಯಿತು. ಅಕ್ಷರ ಹುಡುಕಿಕೊಂಡು ಗಾಳಿಯಲ್ಲಿ ಸುತ್ತುತ್ತಿತ್ತು. "ಎಮ್ಮು... ಎಮ್ಮು ಎಲ್ಲೈತಿ... ಹಾಂ, ಇಲ್ಲಿ ಮೂಲ್ಯಾಗ ಕುಂತೈತಿ ನೋಡು" ಎಂದು ಆ ಅಕ್ಷರವನ್ನು ಮಾತಾಡಿಸಿ, ಒತ್ತಿ, ಮುಂದಿನದನ್ನು ಹುಡುಕಲು ಹೊರಡುತ್ತಿದ್ದರು. ಓಣಿಗೆಲ್ಲ ಆಪಾ, ಅಂದರೆ ಅಕ್ಕ, ಆಗಿದ್ದ ಇಂಥವರು ಸಿನಿಮಾದ ಹ್ಯಾಕರುಗಳ ಮೇಲೆ ಜೀವ ಇಟ್ಟಿದ್ದರು ಎಂದರೆ ಯಾರೂ ನಂಬುವುದಿಲ್ಲ.

ಮೊನ್ನೆ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಸಿನಿಮಾದಾಗಿನ ಹ್ಯಾಕರ್‌ಗಳೊಳಗ ನಿಮಗ ಯಾರು ಸೇರತಾರ್ರಿ?" ಎಂದು ಕೇಳಿದಳು. ಉತ್ತರ ಬಾಯಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ಆಪಾರ ವಿಷಯ ಹೇಳಬೇಕಾಗುತ್ತಿತ್ತು, ಆಪಾರ ವಿಷಯ ಹೇಳಿದರೆ ನನ್ನ ವಿಷಯವೂ ಹೊರಗೆ ಬರುತ್ತಿತ್ತು. "ಪುಸ್ತಕ ತೆಗಿ, ಕುಂದ್ರು" ಎಂದೆ. ಆ ಹುಡುಗಿಗೆ ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಪಾರ ಅಂಗಡಿ ಕುಷ್ಟಗಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಮೊದಲು ಅದು ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಅಂಗಡಿ. ರೆಡಿಮೇಡ್ ಬಂದು ಹೊಲಿಗೆ ತಗ್ಗಿದಾಗ ಆಪಾ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು ತಂದಿಟ್ಟು ಅರ್ಜಿ ತುಂಬುವ ಕೆಲಸ ಶುರು ಮಾಡಿದರು. ಹೊಸ ಟೇಬಲ್ ತರುವ ಗೋಜಿಗೆ ಹೋಗಲಿಲ್ಲ. ಹೊಲಿಗೆ ಯಂತ್ರದ ತಲೆ ಬಿಚ್ಚಿ ಮೂಲೆಗಿಟ್ಟು, ಅದೇ ಹಲಗೆಯ ಮೇಲೆ ಕಂಪ್ಯೂಟರ್ ಕೂರಿಸಿದರು. ಕೆಳಗೆ ಪೆಡಲು ಹಾಗೆಯೇ ಇತ್ತು. ಅರ್ಜಿ ತುಂಬುವಾಗ ಅವರಿಗೇ ತಿಳಿಯದಂತೆ ಕಾಲು ಪೆಡಲು ತುಳಿಯುತ್ತಿತ್ತು. ಪುಟ ತೆರೆಯುವುದು ತಡವಾದಷ್ಟೂ ತುಳಿತ ಜೋರಾಗುತ್ತಿತ್ತು. ಹೊರಗೆ ಕಾಯುತ್ತಿದ್ದವರು ಆ ಸದ್ದು ಕೇಳಿಯೇ "ಇವತ್ತು ಸರ್ವರ್ ಇಲ್ಲಂತ ಕಾಣ್ತೈತಿ, ನಾಳೆ ಬರೂಣು ನಡಿ" ಎಂದು ಎದ್ದುಹೋಗುತ್ತಿದ್ದರು.

ಗಿರಾಕಿಗಳ ಲೆಕ್ಕಕ್ಕೂ ಹೊಸ ಪುಸ್ತಕ ಮಾಡಲಿಲ್ಲ. ಹೊಲಿಗೆಯ ಅಳತೆ ಪುಸ್ತಕವೇ ಮುಂದುವರಿಯಿತು. "ಎದಿ" ಎಂಬ ಕಾಲಮಿನಲ್ಲಿ ಅರ್ಜಿಯ ನಂಬರು, "ಸೊಂಟ" ಎಂಬಲ್ಲಿ ಪಾಸ್‌ವರ್ಡು, "ತೋಳು" ಎಂಬಲ್ಲಿ ಫೋನ್ ನಂಬರು. ಪಾಸ್‌ವರ್ಡು ಇಡುವುದಕ್ಕೂ ಆಪಾ ಒಂದು ದಾರಿ ಕಂಡುಕೊಂಡಿದ್ದರು. ಹೊಸ ಹೆಸರು ಇಟ್ಟುಕೊಟ್ಟರೆ ಜನ ಮರುದಿನವೇ ಮರೆಯುತ್ತಾರೆ. ಅದಕ್ಕೆ ಎಲ್ಲರಿಗೂ ಹುಲಿಗೆಮ್ಮನ ಹೆಸರು. ಅದರ ಮುಂದೆ ಅವರವರ ಫೋನಿನ ಕೊನೆಯ ನಾಲ್ಕು ಅಂಕಿ. ಮಂಗಳವಾರ, ಶುಕ್ರವಾರ ಹುಲಿಗಿಯ ಅಮ್ಮನ ಗುಡಿಗೆ ಹೋಗಿಬರುವ ಊರಿದು, ಆ ಹೆಸರನ್ನು ಯಾರು ಮರೆತಾರು? ಒಬ್ಬ ಅಜ್ಜಿ ಮಾತ್ರ ತಕರಾರು ತೆಗೆದಿದ್ದಳು. "ಅಲ್ಲವಾ, ತಾಯಿ ಹೆಸರು ಇಂಥಾದ್ರಾಗ ಹಾಕಿದ್ರ ನಡಿತೈತೇನು?" ಆಪಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಕಾಯೂದು ಆಕಿ ಕೆಲಸ ಹೌದಿಲ್ಲೋ? ಕಾಯ್ಲಿ ಬಿಡ್ರಿ" ಎಂದರು. ಅಜ್ಜಿಗೆ ಅದು ಸರಿಯೆನಿಸಿತು.

ಬರಬರುತ್ತಾ ನಮ್ಮ ಓಣಿಯಲ್ಲಿ ಪಾಸ್‌ವರ್ಡ್ ಎಂಬ ಮಾತೇ ಹೋಯಿತು. ಪಿಂಚಣಿಯ ಮುದುಕರು, ಕಾಲೇಜಿನ ಹುಡುಗಿಯರು, ಬೆಳೆ ವಿಮೆಯ ರೈತರು, ಮಸೀದಿ ಓಣಿಯ ಚಾಚಾಗಳು, ಎಲ್ಲರೂ ಬಂದು ಕೇಳುತ್ತಿದ್ದದ್ದು ಒಂದೇ: "ಆಪಾ, ನನ್ನ ಹುಲಿಗೆಮ್ಮ ಏನೈತಿ ನೋಡ್ರಿ."

ಆಗ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಆಪಾರ ಅಂಗಡಿಯೇ ನನ್ನ ಠಿಕಾಣಿ. ಸರ್ವರ್ ಇಲ್ಲದ ಹೊತ್ತಿನಲ್ಲಿ ಆಪಾ ಸಿನಿಮಾ ಹಚ್ಚುತ್ತಿದ್ದರು, ಅದೂ ಹ್ಯಾಕರುಗಳು ಬರುವಂಥದ್ದೇ. ಹಿಂದಿಗೆ ಡಬ್ ಆದ ಇಂಗ್ಲಿಷ್ ಸಿನಿಮಾಗಳು, ಯಾವ್ಯಾವುದೋ ದೇಶದ ಧಾರಾವಾಹಿಗಳು. ಅಳಿಯನೊಬ್ಬ ಪೆನ್‌ಡ್ರೈವಿಗೆ ತುಂಬಿಕೊಟ್ಟಿದ್ದ. ಮುಸುಕಿನಂಥ ಟೋಪಿ ಎಳೆದುಕೊಂಡ ಒಬ್ಬ ಹತ್ತೂ ಬೆರಳಿನಲ್ಲಿ ಟಪಟಪ ಕುಟ್ಟಿ, ಎಣಿಸಿ ಹತ್ತು ಕ್ಷಣದಲ್ಲಿ ಒಂದು ದೇಶದ ರಕ್ಷಣಾ ಇಲಾಖೆಯೊಳಗೆ ನುಗ್ಗುತ್ತಿದ್ದ. ಆಪಾ ಹಣೆಗೆ ಕೈಹಚ್ಚಿಕೊಳ್ಳುತ್ತಿದ್ದರು. "ನೋಡವಾ, ನಮಗ ಪಾಸ್‌ವರ್ಡ್ ಗೊತ್ತಿದ್ರೂ ಒಳಗ ಬಿಡವಲ್ರು. ಇಂವಗ ಗೊತ್ತಿಲ್ದ ಬಿಟ್ರು! ಇಂವನ್ನ ಕರಕೊಂಬಂದು ರೇಷನ್ ಕಾರ್ಡಿನ ಸೈಟ್ ತೆಗಿ ಅನ್ನಬೇಕು. ಟೋಪಿ ತಗದು ಒಗದು ಮನಿಗೆ ಹೋಗ್ತಾನ."

ಆ ಹ್ಯಾಕರುಗಳಿಗೆಲ್ಲ ಆಪಾ ಇಟ್ಟ ಒಂದೊಂದು ಹೆಸರಿತ್ತು. ಒಬ್ಬ ಚಿಪ್ಸ್ ತಿನ್ನುವವನು; ಎಣ್ಣೆಗೈಯಲ್ಲೇ ಬ್ಯಾಂಕಿನ ತಿಜೋರಿ ತೆರೆಯುವವನು. "ಕೈ ತೊಳಿಯೂದಿಲ್ಲ, ಅದಕ್ಕ ಪೋಲೀಸರಿಗೆ ಬೆರಳಚ್ಚು ಸಿಗತೈತಿ" ಎಂದು ಅವನನ್ನು ಬೈಯುತ್ತಿದ್ದರು. ಇನ್ನೊಬ್ಬಳು ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತಳಾದ ಮುದುಕಿ. ಆಕೆ ಕಂಪ್ಯೂಟರ್ ಮುಟ್ಟುತ್ತಲೇ ಇರಲಿಲ್ಲ. ಫೋನ್ ಮಾಡಿ, ಅಕ್ಕರೆಯಿಂದ ಮಾತಾಡಿಸಿ, ಎದುರಿನವರ ಬಾಯಿಂದಲೇ ಗುಟ್ಟು ತೆಗೆಯುತ್ತಿದ್ದಳು. "ಈಕಿ ನಮ್ಮ ಓಣ್ಯಾಗ ಹುಟ್ಟಬೇಕಾಗಿತ್ತು" ಎಂದು ಆಪಾ ಮೆಚ್ಚಿಕೊಂಡಿದ್ದರು.

ನನಗೆ ಸೇರುತ್ತಿದ್ದವನು ಆ ಟೋಪಿಯವನೇ. ಎಲ್ಲಿ ಹೋದರೂ ಗುರುತು ಉಳಿಸದೆ ಬರುತ್ತಿದ್ದ. ಒಳಗೆ ನುಗ್ಗಿದಾಗಲೆಲ್ಲ ಕುರ್ಚಿಗೆ ಒರಗಿ "ಒಳಗೆ ಬಂದೆ" ಎನ್ನುತ್ತಿದ್ದ. ಕೊನೆಯ ಗುಂಡಿಯನ್ನು ಜೋರಾಗಿ ಕುಟ್ಟುತ್ತಿದ್ದ. ಅದನ್ನು ನೋಡಿದಾಗ ನನ್ನ ಮೈ ಜುಮ್ಮೆನ್ನುತ್ತಿತ್ತು.

ಆಪಾರಿಗೆ ಸೇರುತ್ತಿದ್ದವಳು ಬೇರೆ. ಯಾವುದೋ ಹಿಮ ಬೀಳುವ ದೇಶದ ಧಾರಾವಾಹಿಯ ಸಣಕಲು ಹುಡುಗಿ. ಅವಳು ಯಾರ್ಯಾರದೋ ಕಂಪ್ಯೂಟರಿಗೆ ನುಗ್ಗುತ್ತಿದ್ದಳು, ಏನನ್ನೂ ಕದಿಯುತ್ತಿರಲಿಲ್ಲ, ಕೆಡಿಸುತ್ತಿರಲಿಲ್ಲ. ಹೊರಡುವ ಮುಂಚೆ ಮನೆಯವರಿಗೆ ಒಂದು ಚೀಟಿ ಬರೆಯುತ್ತಿದ್ದಳು: ನಿಮ್ಮ ಬಾಗಿಲು ತೆರೆದಿತ್ತು, ನಾನು ಒಳಗೆ ಬಂದಿದ್ದೆ. ಕೆಳಗೆ ತನ್ನ ಹೆಸರು. ಆ ಚೀಟಿಯ ದೆಸೆಯಿಂದಲೇ ಒಮ್ಮೆ ಸಿಕ್ಕಿಬಿದ್ದಳು ಕೂಡ. ಆಪಾ ಆ ಭಾಗವನ್ನು ಎಷ್ಟು ಸಲ ನೋಡಿದ್ದರೋ.

"ಹುಚ್ಚಿ ಐತ್ರಿ ಆಪಾ ಅದು" ಎಂದೆ ನಾನೊಮ್ಮೆ. "ಹೆಸರು ಬರದು ಸಿಕ್ಕೊಂಡ್ಲು. ಸುಮ್ನ ಬಂದಿದ್ರ ಯಾರಿಗೆ ತಿಳೀತಿತ್ತು?"

"ಯಾರರ ನುಗ್ಗತಾರ ಬೇಟಿ. ಈಕಿ ಹೇಳಿ ಬಂದ್ಲು ನೋಡು. ಅದಕ್ಕ ದಮ್ ಬೇಕು" ಎಂದರು ಆಪಾ.

ಡಿಗ್ರಿ ಮುಗಿದ ವರ್ಷ ನಾನೂ ನನ್ನ ಗೆಳತಿಯೂ ಬಿ.ಎಡ್. ಸೀಟಿಗೆ ಅರ್ಜಿ ಹಾಕಿದೆವು. ಒಂದೇ ದಿನ, ಆಪಾರ ಅಂಗಡಿಯಲ್ಲೇ, ಒಬ್ಬರ ಹಿಂದೆ ಒಬ್ಬರು ಕುಳಿತು. ಅರ್ಜಿಯ ನಂಬರುಗಳೂ ಒಂದರ ಹಿಂದೆ ಒಂದು. ನನ್ನದು ಆರಕ್ಕೆ ಮುಗಿದರೆ ಅವಳದು ಏಳಕ್ಕೆ. ನಮಗೆ ಬೇಕಾದ ಕಾಲೇಜುಗಳನ್ನು ಬೇಕಾದ ಅನುಕ್ರಮದಲ್ಲಿ ಜೋಡಿಸಬೇಕಿತ್ತು. ಇಬ್ಬರೂ ಮೊದಲು ಗಂಗಾವತಿ ಇಟ್ಟೆವು. ಅಲ್ಲಿ ಅವಳ ಸೋದರತ್ತೆಯ ಮನೆಯಿತ್ತು. ಅತ್ತೆಯ ಮನೆಯಲ್ಲಿದ್ದು ಓದುವುದಾದರೆ ಮಾತ್ರ ಎಂದು ಅವಳಪ್ಪ ಒಪ್ಪಿದ್ದರು. ಪಟ್ಟಿ ತುಂಬಲಿ ಎಂದು ಕೊನೆಗೆ ಆಪಾ ದೂರದ ಕಾಲೇಜುಗಳನ್ನೂ ಸೇರಿಸಿದರು, ಕಟ್ಟಕಡೆಗೆ ಬೀದರ್. ಅಂಕ ನನಗಿಂತ ಅವಳಿಗೆ ಹೆಚ್ಚಿದ್ದವು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಪಟ್ಟಿ ತಿದ್ದಲು ಕೊನೆಯ ದಿನ ಶುಕ್ರವಾರ, ಸಂಜೆ ಐದರ ತನಕ. ಶುಕ್ರವಾರ ಮಧ್ಯಾಹ್ನ ಆಪಾ ಅಂಗಡಿ ಮುಚ್ಚಿ, ಮನೆಯಲ್ಲಿ ನಮಾಜು, ಊಟ ಮುಗಿಸಿ ಮೂರೂವರೆಗೆ ಬರುತ್ತಿದ್ದರು. ನಾನು ಮನೆಯಲ್ಲಿ ಅಣ್ಣನ ಲ್ಯಾಪ್‌ಟಾಪಿನ ಮುಂದೆ ಕುಳಿತು ನನ್ನ ಪಟ್ಟಿ ನೋಡುತ್ತಿದ್ದೆ. ಆಗ ಆ ಬುದ್ಧಿ ಬಂತು. ನನ್ನ ನಂಬರಿನ ಆರನ್ನು ಏಳು ಮಾಡಿದೆ. ಹುಲಿಗೆಮ್ಮನ ಹೆಸರು ಹೊಡೆದು, ಗೆಳತಿಯ ಫೋನಿನ ಕೊನೆಯ ನಾಲ್ಕು ಅಂಕಿ ಹಾಕಿದೆ. ಆಗ ಈಗಿನ ಹಾಗೆ ಎಲ್ಲದಕ್ಕೂ ಓಟಿಪಿ ಕೇಳುತ್ತಿರಲಿಲ್ಲ. ಪುಟ ತೆರೆಯಿತು. ಗೆಳತಿಯ ಫೋಟೊ ನನ್ನನ್ನೇ ನೋಡುತ್ತಿತ್ತು. ಕುರ್ಚಿಗೆ ಒರಗಿ, "ಒಳಗೆ ಬಂದೆ" ಎಂದೆ.

ಅಲ್ಲಿಗೇ ಎದ್ದಿದ್ದರೆ ಇದು ನಗುವ ಕಥೆಯಾಗುತ್ತಿತ್ತು. ಬೀದರಿನ ಪಕ್ಕ ಮೇಲ್ಮುಖದ ಬಾಣವಿತ್ತು. ಒತ್ತಿದೆ. ಒಂದು ಮೆಟ್ಟಿಲು ಏರಿತು. ಮತ್ತೆ ಒತ್ತಿದೆ. ಏರುತ್ತಾ ಏರುತ್ತಾ ಬೀದರ್ ಹೋಗಿ ಗಂಗಾವತಿಯ ನೆತ್ತಿಯ ಮೇಲೆ ಕುಳಿತಿತು. ಕೆಳಗೆ "ಉಳಿಸು" ಎಂಬ ಗುಂಡಿ. ಅದನ್ನು ನಾನು ಒತ್ತಲಿಲ್ಲ, ತಾನಾಗಿಯೇ ಉಳಿಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಒತ್ತಿದ್ದೆ. ಟೋಪಿಯವನ ಹಾಗೆ ಜೋರಾಗಿ ಕುಟ್ಟಿದ್ದೆ.

ಒಡನೆ ಗಾಬರಿಯಾಗಿ ಮರಳಿ ಸರಿಮಾಡಲು ಹೋದೆ. ಪುಟ ಗಿರಗಿರ ತಿರುಗುತ್ತಾ ನಿಂತಿತು. ಸರ್ವರ್ ಹೋಗಿತ್ತು. ಆಗ ಎರಡೂವರೆ. ಮೂರೂವರೆಗೆ ಆಪಾ ಬರುತ್ತಾರೆ, ಓಡಿಹೋಗಿ "ಆಪಾ, ಹಿಂಗಾತ್ರಿ" ಎಂದರೆ ಐದರೊಳಗೆ ಹೇಗಾದರೂ ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಬೈಸಿಕೊಳ್ಳಬೇಕಾಗುತ್ತಿತ್ತು, ಅಷ್ಟೇ. ನಾನು ಹೋಗಲಿಲ್ಲ. ನಾಲ್ಕರ ಮೇಲೆ ಸರ್ವರ್ ಬಂದಿತ್ತೋ ಏನೋ, ತೆರೆದು ನೋಡಲಿಲ್ಲ. ನಾನು ಮಾಡಿದ ಬದಲಾವಣೆ ಉಳಿದಿರಲಿಕ್ಕಿಲ್ಲ ಎಂದುಕೊಂಡು ಅವ್ವನ ಜೊತೆ ಜೋಳ ಹಸನು ಮಾಡುತ್ತಾ ಕುಳಿತೆ. ಐದು ಹೊಡೆಯಿತು.

ಸೀಟಿನ ಪಟ್ಟಿ ಬಂದಾಗ ಗೆಳತಿಗೆ ಬೀದರ್ ಸಿಕ್ಕಿತ್ತು, ನನಗೆ ಗಂಗಾವತಿ.

ಅವಳಪ್ಪ ಅವಳನ್ನು ಕರೆದುಕೊಂಡು ಆಪಾರ ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ. ಹಾಗೇನೂ ಕೆಟ್ಟ ಮನುಷ್ಯರಲ್ಲ, ಆವತ್ತು ಮಾತ್ರ ಓಣಿಗೆಲ್ಲ ಕೇಳುವಂತೆ ಕೂಗಿದರು. "ಏನ್ರಿ ಆಪಾ, ನಿಮ್ಮನ್ನ ನಂಬಿ ಬಂದ್ವಿ. ಗಂಗಾವತಿ ಹಾಕ್ರಿ ಅಂದ್ರ ಬೀದರ್ ಹಾಕೀರಿ. ಹೆಣ್ಣುಡುಗಿನ ಅಷ್ಟು ದೂರ ಯಾರ ಮನ್ಯಾಗ ಬಿಡ್ಲಿ? ಒಂದ ಬಟ್ಟಿನ್ಯಾಗ ಕುಟಗೋಂತ ಕುಂದ್ರೋರಿಗೆ ಇಂಥಾ ಕೆಲಸ ಯಾಕ ಬೇಕ್ರಿ?"

ಆಪಾ ಗೆಳತಿಯ ಪುಟ ತೆರೆದರು. ಮೇಲಿನ ಮೂಲೆಯಲ್ಲಿ ಹಿಂದಿನ ಸಲ ಯಾವಾಗ ತೆರೆದದ್ದೆಂದು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು: ಶುಕ್ರವಾರ, ಮಧ್ಯಾಹ್ನ ಎರಡು ಇಪ್ಪತ್ತು. ಪೆಡಲು ತುಳಿಯುತ್ತಿದ್ದ ಕಾಲು ನಿಂತಿತು. ಆ ಹೊತ್ತಿನಲ್ಲಿ ಅವರ ಅಂಗಡಿಗೆ ಬೀಗವಿತ್ತು ಎಂದು ಓಣಿಗೇ ಗೊತ್ತು. ಒಂದು ಮಾತು ಹೇಳಿದ್ದರೆ ಆಪಾ ತಪ್ಪಿನಿಂದ ಪಾರಾಗುತ್ತಿದ್ದರು. ತಲೆ ಎತ್ತಿ ನನ್ನ ಕಡೆ ನೋಡಿದರು. ನಾನು ಜೆರಾಕ್ಸ್ ಮಷೀನಿನ ಹಾಳೆ ಸರಿಮಾಡುವವಳ ಹಾಗೆ ತಲೆ ತಗ್ಗಿಸಿದೆ. ಅಷ್ಟೇ ಸಾಕಾಯಿತು ಅವರಿಗೆ.

ಪುಟ ಮುಚ್ಚಿದರು. ಅರ್ಧ ಉಗುರಿನ ಬೆರಳನ್ನು ಎತ್ತಿ ಹಿಡಿದು, "ಖರೇ ಅದ ರೀ ಅಣ್ಣಾರ. ಈ ಬಟ್ಟು ತಪ್ಪೈತಿ. ತಪ್ಪು ನಂದ. ನನಗ ಏನ್ ಬೇಕಾದ್ರೂ ಅನ್ರಿ" ಎಂದರು.

ಅವರು ಅಂದರು. ಗೆಳತಿ ಅಳುತ್ತಾ ನಿಂತಿದ್ದಳು. ನಾನು ಹಾಳೆ ಸರಿಮಾಡುತ್ತಲೇ ಇದ್ದೆ. ಬರೆಯುವಾಗಲೂ ಈ ಸಾಲಿಗೆ ಬಂದರೆ ಕೈ ನಿಲ್ಲುತ್ತದೆ. ನಾಲ್ಕು ಮಾತು, ಒಂದೇ ಉಸಿರಿನಲ್ಲಿ ಮುಗಿಯುತ್ತಿದ್ದ ನಾಲ್ಕು ಮಾತು ನನ್ನ ಬಾಯಿಂದ ಬರಲಿಲ್ಲ. ಎರಡನೆಯ ಸುತ್ತಿಗೆ ಗಂಗಾವತಿಯ ಸೀಟುಗಳು ತುಂಬಿಹೋಗಿದ್ದವು.

ಅವರು ಹೋದ ಮೇಲೆ ಆಪಾ ನನ್ನನ್ನು ಏನೂ ಕೇಳಲಿಲ್ಲ. ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಹೋದಾಗ ಅದೇ ಧಾರಾವಾಹಿ ಹಚ್ಚಿದ್ದರು. ಸಣಕಲು ಹುಡುಗಿ ಚೀಟಿ ಬರೆಯುತ್ತಿದ್ದಳು. ಆಪಾ ಅಲ್ಲಿಗೆ ನಿಲ್ಲಿಸಿ ಕೇಳಿದರು, "ನಿನಗ ಈಕಿ ಯಾಕ ಸೇರೂದಿಲ್ಲ ಬೇಟಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲು ತೆರೆದು ಒಳಗೆ ಬಾ ಎಂದು ಕರೆದಂತಿತ್ತು. "ಮನ್ಯಾಗ ಕೆಲಸ ಐತ್ರಿ ಆಪಾ" ಎಂದು ಎದ್ದುಬಂದೆ.

ಆಮೇಲೆ ಆಪಾ ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಅಳತೆ ಪುಸ್ತಕ ಹಿಡಿದು ಒಬ್ಬೊಬ್ಬರಿಗೇ ಫೋನ್ ಮಾಡಿ ಕರೆಸಿದರು. "ನಿಮ್ಮ ಹುಲಿಗೆಮ್ಮನ್ನ ಬದಲಿ ಮಾಡೂದೈತಿ, ಬರ್ರಿ. ಎಲ್ಲಾ ಮನಿಗೂ ಒಂದ ಕೀಲಿ ಮಾಡಿಟ್ಟಿದ್ದೆ, ಅದು ನನ್ನ ದಡ್ಡತನ." ಬಂದವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ನಿಮ್ಮ ಮನಸಿಗೆ ಬಂದದ್ದು ಹೊಡೀರಿ, ಯಾರಿಗೂ ಹೇಳಬ್ಯಾಡ್ರಿ, ನನಗೂ" ಎಂದು ತಾವು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಹೆಚ್ಚು ಓದಿಲ್ಲದ ಮುದುಕರು ಅಕ್ಷರ ಹುಡುಕಿ ಮುಗಿಸುವ ತನಕ ಹಾಗೇ ನಿಂತಿರುತ್ತಿದ್ದರು. ಆಮೇಲೆ ಪುಸ್ತಕದ "ಸೊಂಟ"ದ ಕಾಲಮಿನಲ್ಲಿ ಅವರ ಸಾಲಿಗೆ ಒಂದು ಗೀಟು.

ಜನಕ್ಕೆ ಇದು ಹಿಡಿಸಲಿಲ್ಲ. ಹೊಸದನ್ನು ಮರೆತು ಬಂದು ಆಪಾರನ್ನೇ ಬೈದರು. ಆಪಾನ ಬಟ್ಟು ತಪ್ಪತಾವಂತ ಎಂಬ ಮಾತೂ ಹಬ್ಬಿತು. ರಸ್ತೆಯಾಚೆ ಹೊಸ ಸೆಂಟರ್ ತೆರೆದಾಗ ಎಲ್ಲರೂ ಅತ್ತ ಹೋದರು. ನಾನು ಗಂಗಾವತಿಯಲ್ಲಿ ಬಿ.ಎಡ್. ಮುಗಿಸಿ ಬರುವಷ್ಟರಲ್ಲಿ ಆಪಾ ಕಂಪ್ಯೂಟರ್ ಮಾರಿ, ಮೂಲೆಯಲ್ಲಿದ್ದ ಹೊಲಿಗೆ ಯಂತ್ರದ ತಲೆಯನ್ನು ಮತ್ತೆ ಹಲಗೆಗೆ ಜೋಡಿಸಿ ಸೀರೆಗೆ ಫಾಲ್ ಹಚ್ಚುತ್ತಿದ್ದರು. ನನಗೆ ನೌಕರಿಯಾದಾಗ ಪೇಡಾ ಒಯ್ದುಕೊಟ್ಟೆ. "ಛಲೋ ಆತು ಬೇಟಿ" ಎಂದು ತಲೆ ಸವರಿದರು. ಗೆಳತಿ ಬಿ.ಎಡ್. ಮಾಡಲೇ ಇಲ್ಲ. ಊರ ಹೊರಗಿನ ದಾಳಿಂಬೆ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದಳು. ಬಸ್ಸಿನಲ್ಲಿ ಎದುರಾದರೆ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಹೋದ ವರ್ಷ ಆಪಾರ ಎರಡೂ ಕಿಡ್ನಿ ಕೈಕೊಟ್ಟವು. ಕೊಪ್ಪಳದ ಆಸ್ಪತ್ರೆಗೆ ನೋಡಲು ಹೋದೆ. ಮುಖ ಊದಿತ್ತು, ಬೆರಳಿನ ಮದರಂಗಿ ಮಾಸಿತ್ತು. ನನ್ನನ್ನು ಗುರುತಿಸಿ, ಕೈ ಹಿಡಿದು, ಒಂದೇ ಮಾತು ಕೇಳಿದರು: "ಹೋಗಿ ಬಂದ್ಯಾ ಬೇಟಿ?"

ಗೆಳತಿಯ ಹತ್ತಿರ ಎಂದು ನನಗೆ ಗೊತ್ತಿತ್ತು. ಮಂಗಳವಾರವಾದ್ದರಿಂದ ಹುಲಿಗಿಗೆ ಎಂದು ಕೇಳುತ್ತಿದ್ದಾರೆಂದು ತಿಳಿದುಕೊಂಡವಳ ಹಾಗೆ, "ಹೂಂ ರಿ ಆಪಾ, ಹೋಗಿ ಬಂದೆ" ಎಂದೆ. ಆಪಾ ಕಣ್ಣು ಮುಚ್ಚಿ, "ಅಲ್ಲಾ ನಿನಗ ಛಲೋ ಮಾಡ್ಲಿ" ಎಂದರು. ನಾಲ್ಕನೆಯ ದಿನ ಅವರು ತೀರಿಕೊಂಡ ಸುದ್ದಿ ಬಂತು. ಅವರ ಕೊನೆಯ ಹರಕೆಯನ್ನೂ ನಾನು ಸುಳ್ಳು ಹೇಳಿಯೇ ಪಡೆದಂತಾಯಿತು.

ಶಾಲೆಯಲ್ಲಿ ಆ ಹುಡುಗಿ ಹ್ಯಾಕರುಗಳ ಬಗ್ಗೆ ಕೇಳಿದ ಮೇಲೆ ಬಂದ ಭಾನುವಾರ ದಾಳಿಂಬೆ ಶೆಡ್ಡಿಗೆ ಹೋದೆ. ಗೆಳತಿ ಈಗ ಅಲ್ಲಿ ಮೇಲ್ವಿಚಾರಕಿ. ಹಣ್ಣಿನ ರಾಶಿಯ ಮುಂದೆ ಕುಳಿತು ದೊಡ್ಡವು, ಸಣ್ಣವು, ಬಿರಿದವು ಎಂದು ಆರಿಸುತ್ತಿದ್ದಳು. ನಿಂತೇ ಹೇಳಿದೆ. ಆರನ್ನು ಏಳು ಮಾಡಿದ್ದು, ಬಾಣ ಒತ್ತಿದ್ದು, ಗುಂಡಿ ಕುಟ್ಟಿದ್ದು, ಜೋಳ ಹಸನು ಮಾಡುತ್ತಾ ಕುಳಿತದ್ದು, ಒಂದನ್ನೂ ಬಿಡಲಿಲ್ಲ. ಅವಳ ಕೈ ನಿಲ್ಲಲಿಲ್ಲ.

"ಗೊತ್ತೈತಿ" ಎಂದಳು. "ಆವಾಗ ಅಪ್ಪ ಬೈದು ಬಂದ ಮರುದಿನ ಆಪಾ ಮನಿಗೆ ಬಂದಿದ್ಲು. ನನ್ನ ಒಬ್ಬಾಕಿನ ಕರದು, ನನ್ನ ಬಟ್ಟು ತಪ್ಪಿಲ್ಲವಾ, ಆದ್ರ ಯಾರಂತ ಕೇಳಬ್ಯಾಡ, ಆಕಿ ತಾನ ಬಂದು ಹೇಳ್ತಾಳ ಅಂದ್ಲು. ಹೆಸರು ಹೇಳಲಿಲ್ಲ. ನನಗ ಹೇಳೂದು ಬೇಕಾಗಿತ್ತೇನು? ನನ್ನ ಹಿಂದಿನ ನಂಬರ್ ಯಾರದಿತ್ತು?"

ನಾನು ಏನೋ ಹೇಳಲು ಹೋದೆ. ಅವಳು ತಡೆದಳು.

"ಎದುರಾದಾಗೆಲ್ಲಾ ಆಪಾ ಕೇಳ್ತಿದ್ಲು, ಆಕಿ ಬಂದಿದ್ಲೇನು ಅಂತ. ಇಲ್ರಿ ಆಪಾ ಅಂತಿದ್ದೆ. ದವಾಖಾನಿಗೆ ನೀ ಹೋಗಿ ಬಂದ ಮರುದಿನ ನಾ ಹೋಗಿದ್ದೆ. ಮುಖದ ಮ್ಯಾಲೆ ಏನ್ ಕಳಿ ಇತ್ತು ಅಂತಿ! ಆಕಿ ನಿನ್ನ ಹತ್ರ ಬಂದಿದ್ಲಂತಲ್ಲ, ಹೇಳಿದ್ಲಂತಲ್ಲ ಅಂದ್ಲು."

"ನೀ ಏನಂದಿ?"

ಗೆಳತಿ ಬಿರಿದ ಹಣ್ಣೊಂದನ್ನು ಎತ್ತಿ ಪಕ್ಕಕ್ಕಿಟ್ಟಳು. ಮೊದಲ ಸಲ ನನ್ನ ಮುಖ ನೋಡಿದಳು.

"ಹೌದ್ರಿ ಆಪಾ, ಬಂದಿದ್ಲು ಅಂದೆ."